ಹಳ್ಳದ ತಲೆಗೆ ಕಾಟೇಜು ಬೇಡ, ಶೋಲಾ ಬರಲಿ



ಕಳೆದ ತಿಂಗಳು ಭಾನುವಾರ ಎರಡನೆಯ ಪೂಜೆಯ ನಂತರ ಸೇರಿದ್ದ ನಮ್ಮ ಪಾಲನಾ ಸಮಿತಿಯ ಮುಂದೆ ಒಂದು ಪ್ರಸ್ತಾಪ ಬಂದಿತು. ದೇವಾಲಯದ ಹಿಂದಿನ ಗುಡ್ಡದ ಮೇಲ್ತುದಿಯಲ್ಲಿ ಧರ್ಮಕೇಂದ್ರಕ್ಕೆ ಸೇರಿದ ಮೂರು ಎಕರೆ ಸೀಗೆ ತೋಪು ಇರುವುದು ಎಲ್ಲರಿಗೂ ತಿಳಿದದ್ದೇ. ಅದನ್ನು ಕಡಿಸಿ, ಜಾಗವನ್ನು ಕೆಳನಾಡಿನ ಒಬ್ಬ ಗುತ್ತಿಗೆದಾರರಿಗೆ ಹದಿನೈದು ವರ್ಷಕ್ಕೆ ವಹಿಸಿಕೊಟ್ಟರೆ ಅವರು ತಮ್ಮ ಖರ್ಚಿನಲ್ಲೇ ಆರು ‘ಇಕೋ ಕಾಟೇಜು’ ಕಟ್ಟಿಸಿ ವರ್ಷಕ್ಕಿಷ್ಟು ಎಂದು ನಮಗೆ ಕೊಡುತ್ತಾರಂತೆ. ದೇವಾಲಯದ ಛಾವಣಿ ಸೋರುತ್ತಿದೆ. ಓದುವ ಮಕ್ಕಳ ಸಹಾಯನಿಧಿಯಲ್ಲಿ ಹಣವಿಲ್ಲ. ಆದ್ದರಿಂದ ಪ್ರಸ್ತಾಪವನ್ನು ಹಲವರು ಮೆಚ್ಚಿದರು. ‘ಇಕೋ ಟೂರಿಸಂ ಅಂದರೆ ಪರಿಸರಕ್ಕೂ ಒಳ್ಳೆಯದು, ನಮಗೂ ಒಳ್ಳೆಯದು’ ಎಂದು ಒಬ್ಬ ಯುವಕರು ಹೇಳಿದಾಗ ತಲೆಯಾಡಿಸಿದವರೇ ಹೆಚ್ಚು.

ನಾನು ಅಂದು ವಿರೋಧಿಸಿದೆ. ಆದರೆ ಸಭೆಯಲ್ಲಿ ಸಮಯವಿರಲಿಲ್ಲ, ಮಾತು ಸರಿಯಾಗಿ ಬರಲೂ ಇಲ್ಲ. ಗುರುಗಳು ‘ಬರೆದು ಕೊಡಿ, ನಮ್ಮ ಪತ್ರಿಕೆಯ ಕೃಷಿ ಮತ್ತು ಆರೋಗ್ಯ ಅಂಕಣದಲ್ಲಿ ಹಾಕೋಣ, ಎಲ್ಲರೂ ಓದಿದ ಮೇಲೆ ತೀರ್ಮಾನ ಮಾಡೋಣ’ ಎಂದರು. ಅದಕ್ಕಾಗಿ ಈ ಲೇಖನ.

ಮೊದಲು ನಮ್ಮ ಬೆಟ್ಟದ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ನೀಲಗಿರಿಯನ್ನು ಕಂಡು ಬರೆದಿಟ್ಟ ಮೊದಲ ಯುರೋಪಿನವರು ಒಬ್ಬ ಕಥೋಲಿಕ ಗುರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಯೇಸುಸಭೆಯ ಫಾದರ್ ಫೆನಿಚಿಯೋ ಎಂಬವರು 1603ರಲ್ಲಿ ಮಲಬಾರಿನ ಕಡೆಯಿಂದ ಈ ಬೆಟ್ಟ ಹತ್ತಿದರು. ಇಲ್ಲಿ ಪೂರ್ವಕಾಲದ ಕ್ರೈಸ್ತರು ಇದ್ದಾರೆಂದು ಯಾರೋ ಹೇಳಿದ್ದನ್ನು ನಂಬಿ ಬಂದಿದ್ದರು. ಅವರಿಗೆ ಕ್ರೈಸ್ತರು ಸಿಗಲಿಲ್ಲ. ಸಿಕ್ಕವರು ಎಮ್ಮೆ ಕಾಯುವ ತೊದವರು, ಬೇಸಾಯ ಮಾಡುವ ಬಡಗರು. ಆಗ ಈ ಮೇಲ್ನಾಡು ಬಹುಪಾಲು ಹುಲ್ಲುಗಾವಲು. ಗುಡ್ಡದ ಬೆನ್ನಿನ ಮೇಲೆಲ್ಲ ಹುಲ್ಲು, ಎರಡು ಗುಡ್ಡಗಳ ನಡುವಿನ ಮಡಿಲಿನಲ್ಲಿ ಮಾತ್ರ ದಟ್ಟವಾದ ಕುಳ್ಳು ಕಾಡು, ಅದರ ಕಾಲಬುಡದಲ್ಲಿ ಜೌಗು. ಆ ಮಡಿಲ ಕಾಡನ್ನೇ ಶೋಲಾ ಎನ್ನುವುದು. ನೇರಳೆಯ ಜಾತಿ, ಬೆಟ್ಟಸಂಪಿಗೆ, ದಾಲ್ಚಿನ್ನಿಯ ಬಳಗ, ಮರದ ಮೈತುಂಬ ಪಾಚಿ, ಅಂಚಿನಲ್ಲಿ ಕೆಂಪು ಹೂವಿನ ರೋಡೋಡೆಂಡ್ರಾನ್. ಹುಲ್ಲು, ಶೋಲಾ, ಜೌಗು ಈ ಮೂರೂ ಸೇರಿ ಒಂದೇ ವ್ಯವಸ್ಥೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲ್ಲಿವನ್ ಬೆಟ್ಟಕ್ಕೆ ಬಂದು ಕೋತಗಿರಿಯ ಹತ್ತಿರ ಮನೆ ಮಾಡಿದ ಮೇಲೆ ಎಲ್ಲವೂ ಬೇಗಬೇಗ ಬದಲಾಯಿತು. ದಂಡಿಗೂ ದೊರೆಗಳಿಗೂ ಚಳಿ ಕಾಯಿಸಲು ಸೌದೆ ಬೇಕಾಯಿತು. ಇದ್ದ ಶೋಲಾ ಕಡಿದದ್ದು ಸಾಲದೆ ಆಸ್ಟ್ರೇಲಿಯಾದಿಂದ ಬೇಗ ಬೆಳೆಯುವ ಮರ ತಂದರು. ಒಂದು ವ್ಯಾಟಲ್. ನಾವು ಸೀಗೆ ಎನ್ನುವುದು ಇದನ್ನೇ, ತಲೆಗೆ ತಿಕ್ಕುವ ಸೀಗೆಕಾಯಿಯದಲ್ಲ. ಇನ್ನೊಂದು ಯೂಕಲಿಪ್ಟಸ್, ಅದು 1843ರಲ್ಲಿ ಬಂತು. ಈ ಯೂಕಲಿಪ್ಟಸ್ಸಿಗೆ ಕನ್ನಡ ನಾಡಿನಲ್ಲಿ ಏನೆನ್ನುತ್ತಾರೆ? ‘ನೀಲಗಿರಿ ಮರ’! ಎಲ್ಲಿಂದಲೋ ಬಂದ ಮರ ನಮ್ಮ ಬೆಟ್ಟದ ಹೆಸರನ್ನೇ ಹೊತ್ತುಕೊಂಡು ಬಯಲುಸೀಮೆಗೆಲ್ಲ ಇಳಿಯಿತು. ನಿಜವಾದ ನೀಲಗಿರಿಯ ಮರಗಳ ಹೆಸರು ಹೇಳಿ ಎಂದರೆ ನಮ್ಮ ಮಕ್ಕಳು ಎರಡನ್ನೂ ಹೇಳಲಾರರು.

ಸ್ವಾತಂತ್ರ್ಯ ಬಂದ ಮೇಲೂ ಇದು ನಿಲ್ಲಲಿಲ್ಲ. ಚರ್ಮ ಹದಮಾಡಲು ಸೀಗೆಯ ತೊಗಟೆ ಬೇಕು, ನೂಲಿನ ಕಾರ್ಖಾನೆಗೆ ತಿರುಳು ಬೇಕು ಎಂದು ಸರ್ಕಾರವೇ ಹುಲ್ಲುಗಾವಲಿನಲ್ಲಿ ಸಾವಿರಾರು ಎಕರೆ ನೆಟ್ಟಿತು. ಹುಲ್ಲು ಕಂಡರೆ ‘ಬರಡು ನೆಲ’ ಎಂದು ಕಡತದಲ್ಲಿ ಬರೆದ ಕಾಲವದು. ಪಕ್ಕದ ಪಳನಿ ಬೆಟ್ಟಗಳನ್ನು ಉಪಗ್ರಹದ ಚಿತ್ರಗಳಲ್ಲಿ ಅಳೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. 1973ರಿಂದ 2014ರವರೆಗಿನ ನಾಲ್ಕು ದಶಕಗಳಲ್ಲಿ ಅಲ್ಲಿನ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು, ಶೋಲಾದ ಸುಮಾರು ಮೂರರಲ್ಲೊಂದು ಪಾಲು ಹೋಗಿದೆ ಎಂದು ಅದು ತೋರಿಸಿತು. ಅವುಗಳ ಜಾಗವನ್ನು ಹಿಡಿದದ್ದು ಇದೇ ನೆಟ್ಟ ತೋಪುಗಳು ಮತ್ತು ಬೇಸಾಯ. ಬೇಸಾಯ ಎಂದಾಗ ಅದರಲ್ಲಿ ನಾವೂ ಇದ್ದೇವೆ, ಒಪ್ಪಿಕೊಳ್ಳೋಣ.

ಇದರಿಂದ ರೈತನಿಗೆ ಆದ ನಷ್ಟವೇನು? ‘ಮರ ಇದ್ದರೆ ಮಳೆ, ಮರ ಇದ್ದರೆ ನೀರು’ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ಹಾಗಾದರೆ ಸೀಗೆ ತೋಪಿನ ಕೆಳಗಿನ ಹಳ್ಳ ಏಕೆ ಬತ್ತುತ್ತದೆ? ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಸಿಕ್ಕಿದೆ. ಊಟಿಯಲ್ಲಿರುವ ಕೇಂದ್ರ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರದವರು ಗ್ಲೆನ್‌ಮಾರ್ಗನ್ನಿನಲ್ಲಿ 1968ರಿಂದ ಒಂದು ಪ್ರಯೋಗ ನಡೆಸಿದರು. ಅಕ್ಕಪಕ್ಕದ ಎರಡು ಚಿಕ್ಕ ಕಣಿವೆಗಳನ್ನು ಆರಿಸಿಕೊಂಡರು. ಒಂದನ್ನು ಹುಲ್ಲು, ಶೋಲಾ, ಜೌಗು ಇದ್ದಂತೆಯೇ ಬಿಟ್ಟರು. ಇನ್ನೊಂದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗಕ್ಕೆ ಯೂಕಲಿಪ್ಟಸ್ ನೆಟ್ಟರು. ಎರಡರ ಹಳ್ಳಕ್ಕೂ ಕಟ್ಟೆ ಕಟ್ಟಿ ವರ್ಷಗಟ್ಟಲೆ ನೀರು ಅಳೆದರು. ನೆಟ್ಟ ಕಣಿವೆಯಲ್ಲಿ ಮೊದಲ ಹತ್ತು ವರ್ಷದ ಸುತ್ತಿನಲ್ಲಿ ನೀರು ನೂರಕ್ಕೆ 16ರಷ್ಟು ಕಡಿಮೆಯಾಯಿತು. ಮರ ಕಡಿದು, ಬುಡದಿಂದ ಮತ್ತೆ ಚಿಗುರಿದ ಎರಡನೆಯ ಸುತ್ತಿನಲ್ಲಿ ನೂರಕ್ಕೆ 25ರಷ್ಟು ಕಡಿಮೆಯಾಯಿತು. ಅಂದರೆ ನಾಲ್ಕು ಕೊಡ ಬರುತ್ತಿದ್ದಲ್ಲಿ ಮೂರು ಕೊಡ.

ಕಾರಣ ಬಹಳ ಸರಳ. ಇಲ್ಲಿನ ಹುಲ್ಲು ಗಿಡ್ಡ, ಬೇರು ಜಾಳಿಗೆಯಂತೆ ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ತಾನು ಕುಡಿಯುವುದು ಅಲ್ಪ. ಬಿದ್ದ ಮಳೆ ನೆಲಕ್ಕಿಳಿದು ಜೌಗಿನಲ್ಲಿ ಕೂಡುತ್ತದೆ, ಅಲ್ಲಿಂದ ಬೇಸಿಗೆಯೆಲ್ಲ ತೊಟ್ಟಿಕ್ಕುತ್ತದೆ. ಶೋಲಾದ ಮರ ನಿಧಾನವಾಗಿ ಬೆಳೆಯುವುದರಿಂದ ನಿಧಾನವಾಗಿಯೇ ಕುಡಿಯುತ್ತದೆ. ವರ್ಷಕ್ಕೆ ಆಳೆತ್ತರ ಏರುವ ಮರಕ್ಕೆ ಆ ಎತ್ತರಕ್ಕೆ ತಕ್ಕ ನೀರು ಬೇಡವೇ? ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಮ್ಮ ಕ್ಯಾರೆಟ್ಟಿಗೆ, ಕೋಸಿಗೆ ನೀರು ಬೇಕಾದಾಗಲೇ ಅದಕ್ಕೂ ಬೇಕು.

ಈಗ ನಮ್ಮ ತೋಪಿಗೆ ಬರೋಣ. ಅದು ಇರುವುದು ಎಲ್ಲಿ? ಕೆಳಗಿನ ಹಟ್ಟಿಗೂ, ಕಾಲನಿಗೂ, ಕನ್ಯಾಮಠದ ತೊಟ್ಟಿಗೂ ನೀರು ಕೊಡುವ ಹಳ್ಳದ ತಲೆಯಲ್ಲಿ. ತೋಪಿನ ಕೆಳಅಂಚಿನಲ್ಲಿ ಇನ್ನೂ ಒಂದು ಚೂರು ಶೋಲಾ ಉಳಿದಿದೆ. ಹಳ್ಳ ಹುಟ್ಟುವ ಒರತೆ ಅದರೊಳಗೆ ಇದೆ. ಆದ್ದರಿಂದ ಆ ಸೀಗೆ ಹಾಗೆಯೇ ಇರಲಿ ಎಂದು ನಾನು ಹೇಳುವುದಿಲ್ಲ. ಸೀಗೆ ಹೋಗಬೇಕು. ನನ್ನ ತಕರಾರು ಅದರ ಜಾಗಕ್ಕೆ ಏನು ಬರಬೇಕು ಎಂಬುದರಲ್ಲಿ ಮತ್ತು ಎಷ್ಟು ಅವಸರದಲ್ಲಿ ಹೋಗಬೇಕು ಎಂಬುದರಲ್ಲಿ.

ಅವಸರದ ಮಾತು ಮೊದಲು. ಸೀಗೆಯ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದು ಮಲಗಿರುತ್ತದೆ. ಒಂದೇ ಸಲಕ್ಕೆ ಎಲ್ಲ ಕಡಿದು ಬಿಸಿಲು ಬಿದ್ದರೆ, ಅಥವಾ ಕಡಿದ ಮೇಲೆ ಬೆಂಕಿ ಹಾಕಿದರೆ, ಮಾರನೆಯ ಮಳೆಗೆ ಕೂದಲಿನಂತೆ ಮೊಳಕೆ ಏಳುತ್ತದೆ. ಅದರ ಜೊತೆಗೆ ಕಿತ್ತಳೆ ಬಣ್ಣದ ಹೂವಿನ ಸೆಸ್ಟ್ರಮ್ ಪೊದೆ ನುಗ್ಗುತ್ತದೆ. ಅದನ್ನು ಮೇಯ್ದರೆ ದನಕ್ಕೆ ವಿಷ, ಹಸು ಸಾಕುವವರು ಗಮನದಲ್ಲಿಡಿ. ಶೋಲಾದ ಸಸಿಗೆ ನೆರಳೂ ತೇವವೂ ಬೇಕು. ನೀಲಗಿರಿಯಲ್ಲೂ ಪಳನಿಯಲ್ಲೂ ನೋಡಿದವರು ಹೇಳುವುದೇನೆಂದರೆ, ಹಳೆಯ ಸೀಗೆಯ ನೆರಳಿನಡಿಯಲ್ಲೇ ಶೋಲಾದ ಸಸಿಗಳು ತಾವಾಗಿ ಮೇಲೆ ಬರುತ್ತಿವೆ. ಹಣ್ಣು ತಿಂದ ಮರಪಾರಿವಾಳವೇ ಬೀಜ ತಂದು ಹಾಕುತ್ತದೆ. ಆದುದರಿಂದ ಶೋಲಾದ ಅಂಚಿನಲ್ಲಿ ದೊಡ್ಡ ಸೀಗೆಯನ್ನು ಕೊಡೆಯಂತೆ ಬಳಸಿಕೊಂಡು, ವರ್ಷಕ್ಕೆ ಕೆಲವನ್ನಷ್ಟೇ ತೆಗೆದು, ಅಡಿಯ ಸಸಿಗೆ ಬೆಳಕು ಕೊಡುತ್ತಾ ಹೋಗಬೇಕು. ಗುಡ್ಡದ ಬೆನ್ನಿನಲ್ಲಿ ಹಿಂದೆ ಹುಲ್ಲಿದ್ದ ಕಡೆ ಮಾತ್ರ ಪೂರ್ತಿ ತೆಗೆದು, ಹುಲ್ಲನ್ನೇ ಕಂತೆಕಂತೆಯಾಗಿ ನೆಡಬೇಕು. ಪ್ರತಿ ಮಳೆಗಾಲದ ನಂತರ ಸೀಗೆಯ ಮೊಳಕೆ ಕೈಯಲ್ಲೇ ಕೀಳಬೇಕು. ಹತ್ತು ವರ್ಷ ಬಿಡದೆ ಕೀಳಬೇಕು. ಇದು ಗುತ್ತಿಗೆದಾರರು ಮಾಡುವ ಕೆಲಸವಲ್ಲ. ಮನೆಯವರು ಮಾಡುವ ಕೆಲಸ. (ಕಡಿಯಲು 1955ರ ಗುಡ್ಡಗಾಡು ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು ಎಂಬುದನ್ನೂ ಸಭೆಯಲ್ಲಿ ಯಾರೂ ಎತ್ತಲಿಲ್ಲ.)

ಇನ್ನೊಂದು ವಿಷಯ. ಕಾಲನಿಯ ಒಬ್ಬ ಅಕ್ಕ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದರು: “ಏನಣ್ಣಾ, ಸೀಗೆ ಎಲ್ಲಾ ತೆಗೀಬೇಕು ಅಂತ ನೀವೇ ಹೇಳ್ತೀರಂತೆ. ಗ್ಯಾಸು ಮುಗಿದ ದಿನ ನಾನು ಒಲೆಗೆ ಏನಿಡಲಿ?” ನ್ಯಾಯವಾದ ಪ್ರಶ್ನೆ. ಪರಿಸರದ ಭಾಷಣ ಮಾಡುವವರು ಈ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದೇ ಇಲ್ಲ. ವರ್ಷಕ್ಕಿಷ್ಟು ಎಂದು ತೆಗೆಯುವ ಮರ ಲಾರಿಗೆ ಹೋಗದೆ ಹಟ್ಟಿಯ ಮತ್ತು ಕಾಲನಿಯ ಮನೆಗಳಿಗೆ ಹೋದರೆ, ಕಾಡೆಮ್ಮೆಯ ಎದುರಿಗೆ ಸೌದೆ ಹೊರೆ ಹೊತ್ತು ಓಡುವುದೂ ತಪ್ಪುತ್ತದೆ. ನಿಧಾನವಾಗಿ ಕಡಿಯಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಸರಿ, ಶೋಲಾ ಬರಲಿ, ಆದರೆ ಹಣ? ಸಣ್ಣ ಬೆಳೆಗಾರರ ಪಾಡು ನನಗೆ ಯಾರೂ ಹೇಳಬೇಕಾಗಿಲ್ಲ. 1990ರ ದಶಕದ ಕೊನೆಯಲ್ಲಿ ಚಹಾ ಸೊಪ್ಪಿನ ಬೆಲೆ ಬಿದ್ದದ್ದು ಮತ್ತೆ ಸರಿಯಾಗಿ ಏಳಲೇ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಬಲ ಬೆಲೆ ಕೇಳಿ ನಮ್ಮವರು ಸರದಿ ಉಪವಾಸ ಕೂತರು. ಕೂಲಿ ಕೊಟ್ಟು, ಗೊಬ್ಬರ ಹಾಕಿ, ಉಳಿಯುವುದೇನೂ ಇಲ್ಲ. ಮಕ್ಕಳು ತಿರುಪ್ಪೂರಿಗೋ ಬೆಂಗಳೂರಿಗೋ ಇಳಿಯುತ್ತಿದ್ದಾರೆ. ಹೀಗಿರುವಲ್ಲಿ ಪ್ರವಾಸಿಗರಿಂದ ನಾಲ್ಕು ಕಾಸು ಬರುತ್ತದೆಂದರೆ ಯಾರು ಬೇಡ ಎನ್ನುತ್ತಾರೆ? ನಾನೂ ಬೇಡ ಎನ್ನುವುದಿಲ್ಲ. ಆದರೆ ಇಕೋ ಟೂರಿಸಂ ಎಂಬ ಹೆಸರಿನಲ್ಲಿ ಎರಡು ಬೇರೆಬೇರೆ ವಸ್ತುಗಳು ಮಾರಾಟಕ್ಕಿವೆ. ಅವುಗಳನ್ನು ಬೇರ್ಪಡಿಸಿ ನೋಡಬೇಕು.

ಒಂದಕ್ಕೆ ಉದಾಹರಣೆ ನಮ್ಮ ಸೀಗೂರು ಪ್ರಸ್ಥಭೂಮಿ. ಆನೆಯ ದಾರಿಯಲ್ಲಿ ಎದ್ದ ರೆಸಾರ್ಟುಗಳೆಲ್ಲ ತಮ್ಮನ್ನು ಕಾಡಿನ ಗೆಳೆಯರೆಂದೇ ಕರೆದುಕೊಂಡವು. 2018ರಲ್ಲಿ ಅವುಗಳಲ್ಲಿ ಹಲವಕ್ಕೆ ಬೀಗ ಬಿತ್ತು. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆನೆಯ ದಾರಿಯನ್ನೇ ಎತ್ತಿಹಿಡಿಯಿತು. 2021ರ ಜನವರಿಯಲ್ಲಿ ಮಸಿನಗುಡಿಯ ಒಂದು ವಸತಿಗೃಹದ ಹತ್ತಿರ ಬಂದ ಆನೆಯ ಮೇಲೆ ಉರಿಯುವ ಟೈರು ಎಸೆದದ್ದನ್ನು, ಅದು ಸತ್ತದ್ದನ್ನು, ಇಡೀ ದೇಶ ನೋಡಿತು. ಇಡೀ ಜಿಲ್ಲೆಯ ಮೇಲಿನ ಭಾರವೂ ಕಡಿಮೆಯದಲ್ಲ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನಸಂಖ್ಯೆ ಏಳೂವರೆ ಲಕ್ಷಕ್ಕೂ ಕಡಿಮೆ. ಅದಕ್ಕೆ ಎಷ್ಟೋ ಪಟ್ಟು ಜನ ವರ್ಷವರ್ಷ ಬಂದು ಹೋಗುತ್ತಾರೆ. ಮದ್ರಾಸ್ ಹೈಕೋರ್ಟು 2024ರ ಮೇ 7ರಿಂದ ಇ-ಪಾಸ್ ಕಡ್ಡಾಯ ಮಾಡಿಸಿತು. 2025ರ ಏಪ್ರಿಲಿನಿಂದ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ವಾಹನ ಎಂಬ ಮಿತಿ ಹಾಕಿತು. ವ್ಯಾಪಾರದವರು ಗೊಣಗಿದರು. ಆದರೆ ಮೇ ತಿಂಗಳಲ್ಲಿ ಹೆರಿಗೆ ನೋವಿನ ಹೆಣ್ಣುಮಗಳನ್ನು ಕರೆದುಕೊಂಡು ಕುನ್ನೂರು ಘಾಟಿಯಲ್ಲಿ ಸಿಕ್ಕಿಬಿದ್ದವರು ಗೊಣಗಲಿಲ್ಲ.

ಇನ್ನೊಂದಕ್ಕೆ ಉದಾಹರಣೆ ದೂರದ್ದು, ಆದರೆ ನಮ್ಮಂಥ ರೈತರದ್ದೇ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಧ್ಯ ಅಮೆರಿಕದಲ್ಲಿ ಕೋಸ್ಟಾರಿಕಾ ಎಂಬ ಚಿಕ್ಕ ಕಥೋಲಿಕ ದೇಶವಿದೆ. 1948ರಲ್ಲಿ ತನ್ನ ಸೈನ್ಯವನ್ನೇ ರದ್ದು ಮಾಡಿದ ದೇಶ. 1951ರಲ್ಲಿ ಅಮೆರಿಕದ ಕ್ವೇಕರ್ ಪಂಗಡದ ಕೆಲವು ಕುಟುಂಬಗಳು, ಯುದ್ಧಕ್ಕೆ ಮಕ್ಕಳನ್ನು ಕಳಿಸಲು ಒಪ್ಪದೆ, ಅಲ್ಲಿಗೆ ವಲಸೆ ಬಂದವು. ಮೊಂಟೆವೆರ್ದೆ ಎಂಬ ಬೆಟ್ಟದ ಮೇಲೆ ಭೂಮಿ ಕೊಂಡು ಹಸು ಕಟ್ಟಿದರು. ಹಾಲನ್ನು ಕೆಳಗೆ ಸಾಗಿಸಲು ರಸ್ತೆಯಿಲ್ಲದ್ದರಿಂದ ಚೀಸ್ ಮಾಡುವ ಕಾರ್ಖಾನೆ ಹಾಕಿದರು. ಅವರು ಮಾಡಿದ ಒಂದು ಜಾಣತನವೆಂದರೆ, ಕೊಂಡ ಭೂಮಿಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು, ಬೆಟ್ಟದ ನೆತ್ತಿಯ ಮಂಜುಕಾಡನ್ನು, ಆರಂಭದಲ್ಲೇ ಕೊಡಲಿ ಮುಟ್ಟಿಸದೆ ಬಿಟ್ಟದ್ದು. ಕಾಡಿನ ಮೇಲಿನ ಪ್ರೀತಿಗಿಂತ ಹಳ್ಳದ ನೀರಿನ ಲೆಕ್ಕವೇ ಅದಕ್ಕೆ ಕಾರಣ. ಅವರಿಗೆ ಪಾದ್ರಿಗಳೂ ಇಲ್ಲ, ಸಂಸ್ಕಾರಗಳೂ ಇಲ್ಲ. ಆದರೂ ಈ ಒಂದು ವಿಷಯದಲ್ಲಿ ನಮಗಿಂತ ಮುಂದಾಲೋಚನೆ ಇತ್ತು ಎನ್ನಲೇಬೇಕು.

1972ರಲ್ಲಿ ಪಕ್ಷಿಗಳ ಅಧ್ಯಯನಕ್ಕೆ ಬಂದಿದ್ದ ಪವೆಲ್ ದಂಪತಿ, ವಿಲ್ಫೋರ್ಡ್ ಗಿಂಡನ್ ಎಂಬ ಕ್ವೇಕರ್ ರೈತರ ಜೊತೆ ಸೇರಿ, ಪಕ್ಕದ ಕಾಡನ್ನೂ ಉಳಿಸಲು ಸಂರಕ್ಷಿತ ಪ್ರದೇಶವೊಂದನ್ನು ಆರಂಭಿಸಿದರು. 1987ರಲ್ಲಿ ಸ್ವೀಡನ್ನಿನ ಒಂದು ಹಳ್ಳಿಶಾಲೆಯ ಮಕ್ಕಳು ಮಳೆಕಾಡಿನ ಪಾಠ ಕೇಳಿ, ‘ನಾವೇ ಸ್ವಲ್ಪ ಕಾಡು ಕೊಂಡು ಉಳಿಸಬಾರದೇ’ ಎಂದು ಹಣ ಕೂಡಿಸಿದರು. ಅದು ದೇಶದೇಶಗಳ ಮಕ್ಕಳಿಗೆ ಹಬ್ಬಿ, ಇಂದು ಇಪ್ಪತ್ತು ಸಾವಿರ ಹೆಕ್ಟೇರಿಗೂ ಮೀರಿದ ‘ಮಕ್ಕಳ ಚಿರಂತನ ಕಾಡು’ ಅಲ್ಲಿ ಇದೆ. ಅಷ್ಟಕ್ಕೇ ನಿಲ್ಲಲಿಲ್ಲ. ಕೆಳಗಿನ ಹೈನುಗಾರರ ಹೊಲಗಳಲ್ಲಿ ಗಾಳಿತಡೆಗಾಗಿ ಲಕ್ಷಾಂತರ ಮರ ನೆಡಿಸಿದರು. ಗಾಳಿ ತಗ್ಗಿದ್ದರಿಂದ ಹುಲ್ಲು ಚೆನ್ನಾಗಿ ಬಂತು, ಹಸುವಿಗೆ ನೆಮ್ಮದಿಯಾಯಿತು, ಮರದ ಸಾಲು ಹಿಡಿದು ಹಕ್ಕಿಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟಿದವು. ಮೊದಲ ವರ್ಷಗಳಲ್ಲಿ ನೂರರ ಲೆಕ್ಕದಲ್ಲಿದ್ದ ಸಂದರ್ಶಕರು 1990ರ ದಶಕದಲ್ಲಿ ವರ್ಷಕ್ಕೆ ಐವತ್ತು ಸಾವಿರದ ಹತ್ತಿರ ಬಂದರು. ಪ್ರವೇಶ ಶುಲ್ಕ ಕಾಡಿನ ಕಾವಲಿಗೆ ಹೋಯಿತು. ರೈತರ ಮಕ್ಕಳು ಮಾರ್ಗದರ್ಶಿಗಳಾದರು.

ಆದರೆ ಅಲ್ಲಿಯೂ ಎಲ್ಲ ಸುಖವಾಗಿಲ್ಲ. ಭೂಮಿಯ ಬೆಲೆ ಏರಿ ಹೈನುಗಾರರ ಮಕ್ಕಳಿಗೆ ಸ್ವಂತ ಊರಿನಲ್ಲೇ ಜಾಗ ಕೊಳ್ಳಲಾಗದಂತಾಯಿತು. ಹೋಟೆಲು ಹೆಚ್ಚಿ ನೀರಿಗೂ ಕೊಳಚೆಗೂ ಜಗಳವಾಯಿತು. 2020ರಲ್ಲಿ ಕೊರೊನಾ ಬಂದು ವಿಮಾನ ನಿಂತಾಗ, ಹಸು ಮಾರಿ ಹಾಸಿಗೆ ಹಾಕಿದವರು ಕೈಕಟ್ಟಿ ಕೂತರು. ಬೇಲಿ ಹಾಕಿದ ಮಾತ್ರಕ್ಕೆ ಎಲ್ಲವೂ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಆ ಬೆಟ್ಟದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಚಿನ್ನದ ಬಣ್ಣದ ಕಪ್ಪೆಯೊಂದಿತ್ತು. 1989ರ ನಂತರ ಅದನ್ನು ಕಂಡವರಿಲ್ಲ. ಪ್ರವಾಸಿಗರ ಮೇಲೆ ಪೂರ್ತಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ವಯನಾಡಿನಲ್ಲಿ 2024ರ ಫೆಬ್ರವರಿಯಲ್ಲಿ ಕುರುವ ದ್ವೀಪದ ಇಕೋ ಟೂರಿಸಂ ಕಾವಲುಗಾರರೊಬ್ಬರನ್ನು ಆನೆ ಕೊಂದ ಮೇಲೆ ಅಲ್ಲಿನ ಅರಣ್ಯ ಪ್ರವಾಸಿ ಕೇಂದ್ರಗಳು ತಿಂಗಳುಗಟ್ಟಲೆ ಮುಚ್ಚಿದವು. ದಿನಗೂಲಿಯ ಮೇಲೆ ಅಲ್ಲಿ ದುಡಿಯುತ್ತಿದ್ದವರಿಗೆ ಆ ತಿಂಗಳುಗಳಲ್ಲಿ ಬೇರೆ ದಾರಿ ಇರಲಿಲ್ಲ.

ಹತ್ತಿರದ ಒಳ್ಳೆಯ ಉದಾಹರಣೆಯೂ ಇದೆ. ಕೋತಗಿರಿಯ ಪಕ್ಕದ ಲಾಂಗ್‌ವುಡ್ ಶೋಲಾ ಕೇವಲ 116 ಹೆಕ್ಟೇರು. ಸುತ್ತ ಚಹಾ, ಸುತ್ತ ಊರು. ಕೆಳಗಿನ ಹಲವು ಹಳ್ಳಿಗಳ ಕುಡಿಯುವ ನೀರು ಅದರೊಳಗಿನಿಂದಲೇ ಬರುತ್ತದೆ. ಕಸ ಎಸೆಯುವುದು, ಮರ ಕದಿಯುವುದು, ಪರದೇಶಿ ಗಿಡ ನುಗ್ಗುವುದು ಇವನ್ನು ತಡೆಯಲು ಊರವರೇ ಒಂದು ಕಾವಲು ಸಮಿತಿ ಮಾಡಿಕೊಂಡು, ಅರಣ್ಯ ಇಲಾಖೆಯ ಜೊತೆ ವರ್ಷಗಟ್ಟಲೆ ನಿಂತರು. 2024ರ ಜನವರಿಯಲ್ಲಿ ಅದು ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಅಲ್ಲಿಗೆ ಹೋಗುವವರು ಅನುಮತಿ ಪಡೆದು, ಹೆಜ್ಜೆದಾರಿಯಲ್ಲಿ ನಡೆದು, ಹಕ್ಕಿ ನೋಡಿ ಹಿಂತಿರುಗುತ್ತಾರೆ. ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಅರ್ಧ ದಿನ ಸಾಕು. ಎಷ್ಟು ಬಾರಿ ಕರೆದುಕೊಂಡು ಹೋಗಿದ್ದೇವೆ?

ಕಾಟೇಜಿನ ಪ್ರಸ್ತಾಪದಲ್ಲಿ ಆರೋಗ್ಯದ ಪ್ರಶ್ನೆಯೂ ಇದೆ. ಆರು ಕಾಟೇಜೆಂದರೆ ಆರು ಶೌಚಾಲಯ, ಆರು ಸ್ನಾನದ ಮನೆ, ಒಂದು ಅಡಿಗೆ ಮನೆ. ಎಲ್ಲವೂ ಒರತೆಯ ಮೇಲ್ಗಡೆ. ಗುಂಡಿ ತೋಡುತ್ತಾರಂತೆ. ಈ ಇಳಿಜಾರಿನ ಮಣ್ಣಿನಲ್ಲಿ ಗುಂಡಿಯ ನೀರು ಎಲ್ಲಿಗೆ ಹೋಗುತ್ತದೆ? ಕಾಮಾಲೆಯೂ ವಿಷಮಶೀತ ಜ್ವರವೂ ಬರುವುದು ಹೀಗೆಯೇ. ಇಳಿಜಾರನ್ನು ಕಡಿದು ಸಮ ಮಾಡುವುದೂ ಸುಮ್ಮನೆ ಆಗುವ ಕೆಲಸವಲ್ಲ. 2009ರ ನವೆಂಬರಿನ ಮಳೆಗೆ ನಮ್ಮ ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಮಣ್ಣಿನಡಿಯಲ್ಲಿ ಸತ್ತದ್ದನ್ನು ಮರೆತಿದ್ದೇವೆಯೇ? 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 800 ಮಿಲಿಮೀಟರಿಗೂ ಮೀರಿ ಮಳೆ ಸುರಿಯಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ 250ಕ್ಕೂ ಹೆಚ್ಚು ಜೀವ ಹೋಯಿತು. ಆ ಕುಸಿತ ಆರಂಭವಾದದ್ದು ಬೆಟ್ಟದ ನೆತ್ತಿಯ ಕಾಡಿನೊಳಗೆ. ಆದ್ದರಿಂದ ಎಲ್ಲವನ್ನೂ ರೆಸಾರ್ಟುಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಹಳ್ಳದ ದಾರಿಯಲ್ಲಿ ಇದ್ದವರೇ ಸತ್ತರು. ನಮ್ಮ ಹಳ್ಳದ ದಾರಿಯಲ್ಲಿ ಇರುವುದು ಕಾಲನಿ.

ಕಾಡಿಗೆ ಜನ ಬರುವುದರಿಂದ ಇನ್ನೊಂದು ಎಚ್ಚರಿಕೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2012ರ ನಂತರ ಬಂಡೀಪುರ, ಮುದುಮಲೆ, ವಯನಾಡಿನ ಕಡೆಗೂ ಕಾಣಿಸಿಕೊಂಡಿತು. ಅದು ಉಣ್ಣಿಯಿಂದ ಬರುವುದು. ಗೂಡಲೂರು ಕಡೆಯ ನಮ್ಮ ಓದುಗರು ಬೇಸಿಗೆಯಲ್ಲಿ ಕಾಡಿನ ಕೆಲಸಕ್ಕೆ ಹೋದರೆ ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಿನಲ್ಲಿ ಮೈ ತೊಳೆದು ಉಣ್ಣಿ ಹುಡುಕಿಕೊಳ್ಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಹಾಗಾದರೆ ನನ್ನ ಸಲಹೆ ಏನು? ಮೂರು ಎಕರೆಯನ್ನೂ ಯಾರಿಗೂ ಕೊಡದೆ ನಾವೇ ಇಟ್ಟುಕೊಳ್ಳುವುದು. ದೇವಾಲಯದ ಹಿಂದಿನ ಖಾಲಿ ಜಾಗದಲ್ಲಿ ಒಂದು ಸಸಿಮಡಿ ಮಾಡುವುದು. ಅಂಚಿನ ಶೋಲಾದಲ್ಲಿ ಬಿದ್ದ ಬೀಜವನ್ನೇ ಆರಿಸಿ ಮೊಳೆಸಬಹುದು. ಇದಕ್ಕೆ ಹೆಂಗಸರ ಸ್ವಸಹಾಯ ಸಂಘ ಮುಂದೆ ಬಂದಿದೆ. ಶೋಲಾ ಸಸಿಗೆ ಇಂದು ಅರಣ್ಯ ಇಲಾಖೆಯಿಂದಲೂ ಎಸ್ಟೇಟುಗಳಿಂದಲೂ ಬೇಡಿಕೆ ಇದೆ, ಅದೇ ಒಂದು ಆದಾಯ. ಮೇಲೆ ಹೋಗಲು ಒಂದು ಕಾಲುದಾರಿ ಸಾಕು. ಶನಿವಾರ ಭಾನುವಾರ ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚಿಲ್ಲದ ಒಂದು ಗುಂಪು, ನಮ್ಮ ಇಬ್ಬರು ಯುವಕರು ದಾರಿ ತೋರಿಸುವವರು, ಮಧ್ಯಾಹ್ನ ಯಾರ ಮನೆಯಲ್ಲಾದರೂ ರಾಗಿ ಹಿಟ್ಟು, ಅವರೆ ಸಾರು. ರಾತ್ರಿ ತಂಗುವವರು ಊರೊಳಗಿನ ಮನೆಗಳಲ್ಲಿ ತಂಗಲಿ, ಅಲ್ಲಿ ಶೌಚದ ಗುಂಡಿಯೂ ಇದೆ, ರಸ್ತೆಯೂ ಇದೆ. ಬಂದ ಹಣದಲ್ಲಿ ಮೊದಲ ಪಾಲು ಮೊಳಕೆ ಕೀಳುವವರ ಕೂಲಿಗೆ. ಇದರಿಂದ ದೇವಾಲಯದ ಛಾವಣಿ ಈ ವರ್ಷವೇ ಆಗುವುದಿಲ್ಲ, ನಿಜ. ಛಾವಣಿಗೆ ಬೇರೆಯಾಗಿ ಚಂದಾ ಎತ್ತೋಣ. ಸೋರುವ ಛಾವಣಿಯ ಕೆಳಗೆ ಇನ್ನೊಂದು ಮಳೆಗಾಲ ಪೂಜೆ ಕೇಳಬಹುದು. ಬತ್ತಿದ ಒರತೆಯನ್ನು ಚಂದಾ ಎತ್ತಿ ತರಿಸಲಾಗದು.

ಇದು ಧರ್ಮಕ್ಕೆ ಸಂಬಂಧವಿಲ್ಲದ ವಿಷಯ ಎಂದು ಸಭೆಯಲ್ಲಿ ಒಬ್ಬ ಹಿರಿಯರು ಹೇಳಿದರು. ಪೋಪ್ ಫ್ರಾನ್ಸಿಸರು 2015ರಲ್ಲಿ ‘ಲೌದಾತೋ ಸಿ’ ಎಂಬ ವಿಶ್ವಪತ್ರವನ್ನು ಬರೆದದ್ದು ಇದೇ ವಿಷಯಕ್ಕೆ. ಆದಿಕಾಂಡದಲ್ಲಿ ಮನುಷ್ಯನಿಗೆ ತೋಟದಲ್ಲಿ ಒಪ್ಪಿಸಿದ ಕೆಲಸ ಎರಡು, ಬೇಸಾಯ ಮತ್ತು ಕಾವಲು. ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಯೇಸುಸಭೆಯ ಫಾದರ್ ಕೆ. ಎಂ. ಮ್ಯಾಥ್ಯೂ ಅವರು ಪಳನಿ ಬೆಟ್ಟದ ಗಿಡಗಳನ್ನು ದಶಕಗಟ್ಟಲೆ ಅಲೆದು ಪಟ್ಟಿ ಮಾಡಿ 1999ರಲ್ಲಿ ದೊಡ್ಡ ಗ್ರಂಥವಾಗಿ ಹೊರತಂದರು. 1985ರಲ್ಲಿ ಪಳನಿ ಬೆಟ್ಟಗಳ ಸಂರಕ್ಷಣಾ ಮಂಡಳಿ ಕಟ್ಟಿದವರಲ್ಲಿ ಮುಂದಾಳು ಅವರೇ. ಕನ್ನಡ ನಾಡಿನಲ್ಲಿ ಫಾದರ್ ಸೆಸಿಲ್ ಸಲ್ಡಾನಾ ಅವರು ಹಾಸನ ಜಿಲ್ಲೆಯ ಸಸ್ಯಗಳ ಮೇಲೆ ಅದೇ ಕೆಲಸ ಮಾಡಿದರು. ಗುಡ್ಡ ಹತ್ತಿ ಗಿಡದ ಮುಂದೆ ಮಂಡಿಯೂರಿದ ಈ ಗುರುಗಳನ್ನು ಯಾರೂ ಧರ್ಮ ಬಿಟ್ಟವರೆಂದು ಹೇಳಲಿಲ್ಲ.

ತೀರ್ಮಾನ ಸಮಿತಿಯದು. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ ನೋಡೋಣ. ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಕಾಲಿಗೆ ಗಟ್ಟಿ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ಒರತೆಯವರೆಗೆ ಹೋಗೋಣ. ಗುತ್ತಿಗೆದಾರರೂ ಬರಲಿ, ಸಂತೋಷ. ನಾನು ಹತ್ತು ಲೀಟರಿನ ಬಕೆಟ್ಟು ತರುತ್ತೇನೆ. ಕೊಳವೆಯ ಕೆಳಗಿಟ್ಟು ತುಂಬಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಿ ಬರೆದು, ದೇವಾಲಯದ ಬಾಗಿಲಿನ ಫಲಕದಲ್ಲಿ ಹಾಕೋಣ. ಪ್ರತಿ ತಿಂಗಳ ಮೊದಲ ಭಾನುವಾರವೂ ಅಳೆದು ಅದರ ಕೆಳಗೆ ಬರೆಯುತ್ತಾ ಹೋಗಲು ಕನ್ಯಾಮಠದ ಸಿಸ್ಟರ್ ಒಬ್ಬರು ಒಪ್ಪಿದ್ದಾರೆ.